ಘಟ್ಟದ ಮೇಲಿಂದ ನೇತ್ರಾಣಿಯ ಆಳಕ್ಕೆ

ನೇತ್ರಾಣಿ ಅರಬ್ಬಿ ಸಮುದ್ರದ ನಡುವೆ ನಿಂತಿರುವ ಒಂದು ಕಲ್ಲುಗುಡ್ಡ. ಭಟ್ಕಳ ತಾಲೂಕಿನ ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ನೀರಿನಿಂದ ಕಡಿದಾಗಿ ಮೇಲೆದ್ದಿರುವ ಈ ದ್ವೀಪಕ್ಕೆ ಪಾರಿವಾಳ ದ್ವೀಪ ಎಂಬ ಹೆಸರೂ ಇದೆ. ಇಲ್ಲಿ ಜನವಸತಿಯಿಲ್ಲ. ಬಿಳಿಹೊಟ್ಟೆಯ ಕಡಲಹದ್ದುಗಳು ಮರಗಳ ಮೇಲೆ ಗೂಡು ಕಟ್ಟುತ್ತವೆ. ಬಂಡೆಯ ಪೊಟರೆಗಳಲ್ಲಿ ಸ್ವಿಫ್ಟ್‌ಲೆಟ್ ಹಕ್ಕಿಗಳು ಜೊಲ್ಲಿನ ಗೂಡು ಅಂಟಿಸುತ್ತವೆ. ಭಾರತೀಯ ನೌಕಾಪಡೆ ಹಿಂದೆ ಇದನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು, ಅದಕ್ಕೆ ಕರಾವಳಿಯ ಮೀನುಗಾರರಿಂದಲೂ ಪರಿಸರಾಸಕ್ತರಿಂದಲೂ ವಿರೋಧ ಬಂದಿತ್ತು. ಈಗ ಅಕ್ಟೋಬರಿನಿಂದ ಮೇವರೆಗೆ ಮುರ್ಡೇಶ್ವರದಿಂದ ಬೆಳಗ್ಗೆ ಹೊರಡುವ ದೋಣಿಗಳಲ್ಲಿ ಸಿಲಿಂಡರು, ರಬ್ಬರಿನ ರೆಕ್ಕೆಪಾದ, ಮುಖವಾಡಗಳ ರಾಶಿ ಇರುತ್ತದೆ. 2022ರ ಅಕ್ಟೋಬರಿನಲ್ಲಿ ತೆರೆಕಂಡ ‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಇದೇ ನೀರಿಗಿಳಿದ ಮೇಲೆ ನೇತ್ರಾಣಿಯ ಹೆಸರು ಮಲೆನಾಡಿನ ಹಳ್ಳಿಗಳಿಗೂ ಮುಟ್ಟಿತು.

ಸೊರಬ, ಶಿಕಾರಿಪುರದ ಕಡೆಯವರಿಗೆ ಹತ್ತಿರದ ಹವಳದ ನೀರು ಇದೇ. ಸಿದ್ದಾಪುರ, ಮಾವಿನಗುಂಡಿ ದಾಟಿ, ಗೇರುಸೊಪ್ಪೆ ಘಟ್ಟ ಇಳಿದು, ಹೊನ್ನಾವರದಲ್ಲಿ ದಕ್ಷಿಣಕ್ಕೆ ತಿರುಗಿದರೆ ಮುರ್ಡೇಶ್ವರ. ಅಂಡಮಾನಿನ ಸ್ವರಾಜ್ ದ್ವೀಪಕ್ಕೋ ಲಕ್ಷದ್ವೀಪಕ್ಕೋ ಹೋಗಲು ವಿಮಾನ ಬೇಕು, ವಾರದ ರಜೆ ಬೇಕು. ನೇತ್ರಾಣಿಗೆ ಎರಡು ದಿನ ಸಾಕು. ಅಡಿಕೆ ಕೊಯ್ಲು, ಭತ್ತದ ಒಕ್ಕಲು ಮುಗಿದು ಕೈ ಸ್ವಲ್ಪ ಬಿಡುವಾದ ಮೇಲೆ ಕಾರು ಮಾಡಿಕೊಂಡು ಹೊರಡುವ ಕುಟುಂಬಗಳಿಗೆ ಇದು ಕೈಗೆಟಕುವ ಪ್ರವಾಸ. ಆದರೆ ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಘಟ್ಟದ ಮೇಲಿನವರ ಮುಳುಗು ಕರಾವಳಿಯವರ ಮುಳುಗಿಗಿಂತ ಒಂದು ವಿಷಯದಲ್ಲಿ ಬೇರೆ. ಅದು ದೋಣಿಯಲ್ಲಿ ಶುರುವಾಗಿ ದೋಣಿಯಲ್ಲಿ ಮುಗಿಯುವುದಿಲ್ಲ. ಮನೆಯಿಂದ ಮನೆಯವರೆಗೆ ದೇಹದ ಮೇಲಿನ ಒತ್ತಡ ಬದಲಾಗುತ್ತಲೇ ಇರುತ್ತದೆ.

ಸೊರಬ, ಶಿಕಾರಿಪುರ ಎರಡೂ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. ಕಡಲತೀರದಲ್ಲಿ ಗಾಳಿಯ ಸರಾಸರಿ ಒತ್ತಡ 1013 ಹೆಕ್ಟೋಪ್ಯಾಸ್ಕಲ್. ಇದನ್ನೇ ಒಂದು ವಾಯುಭಾರ ಎನ್ನುತ್ತಾರೆ. 600 ಮೀಟರ್ ಮೇಲೆ ಅದು ಸುಮಾರು 943ಕ್ಕೆ ಇಳಿಯುತ್ತದೆ. ಅಂದರೆ ಸೊರಬದ ಗಾಳಿ ಮುರ್ಡೇಶ್ವರದ ಗಾಳಿಗಿಂತ ಶೇಕಡಾ 7ರಷ್ಟು ತೆಳು. ಗಾಳಿ ಹಗುರ, ನೀರು ಭಾರ. ಹಾಗಾಗಿ ಇಡೀ ಘಟ್ಟ ಇಳಿದಾಗ ಏರುವ ಒತ್ತಡವನ್ನು ನೀರಿನೊಳಗೆ ಪಡೆಯಲು ಕೇವಲ 70 ಸೆಂಟಿಮೀಟರ್ ಮುಳುಗಿದರೆ ಸಾಕು. ದಾರಿಯಲ್ಲಿ ಸಿಗುವ ಜೋಗದ ಲೆಕ್ಕವೂ ಹೀಗೆಯೇ: 253 ಮೀಟರ್ ಎತ್ತರದ ಜಲಪಾತದ ತಲೆಯಿಂದ ಬುಡಕ್ಕೆ ಬಂದವನ ಮೇಲೆ ಹೆಚ್ಚುವ ಗಾಳಿಯ ಒತ್ತಡ ಒಂದಡಿ ನೀರಿನ ಒತ್ತಡಕ್ಕೆ ಸಮ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದೊಂದು ವಾಯುಭಾರ ಕೂಡುತ್ತ ಹೋಗುತ್ತದೆ. 10 ಮೀಟರಿನಲ್ಲಿ ಎರಡು, 20ರಲ್ಲಿ ಮೂರು, 30ರಲ್ಲಿ ನಾಲ್ಕು.

ಈ ಒತ್ತಡವನ್ನು ದೇಹದ ಬಹುಪಾಲು ಗಮನಿಸುವುದೇ ಇಲ್ಲ. ರಕ್ತ, ಮಾಂಸ, ಮೂಳೆ ಎಲ್ಲ ನೀರಿನಂತೆಯೇ ಕುಗ್ಗದ ವಸ್ತುಗಳು. ತೊಂದರೆ ಕೊಡುವುದು ದೇಹದೊಳಗಿನ ಗಾಳಿ. ರಾಬರ್ಟ್ ಬಾಯ್ಲ್ 1662ರಲ್ಲಿ ತೋರಿಸಿಕೊಟ್ಟಂತೆ, ಉಷ್ಣತೆ ಒಂದೇ ಆಗಿದ್ದರೆ ಒತ್ತಡ ಎರಡರಷ್ಟಾದಾಗ ಗಾಳಿಯ ಗಾತ್ರ ಅರ್ಧವಾಗುತ್ತದೆ. ಗಾಳಿಯ ಗಾತ್ರ ಮೊದಲ 10 ಮೀಟರಿನಲ್ಲೇ ಅರ್ಧಕ್ಕೆ ಕುಗ್ಗಿದರೆ, ಮುಂದಿನ 10 ಮೀಟರಿನಲ್ಲಿ ಮೂರನೇ ಒಂದಕ್ಕೆ ಬರುತ್ತದೆ. ಹೀಗಾಗಿ ಅತಿ ದೊಡ್ಡ ಬದಲಾವಣೆ ನಡೆಯುವುದು ಮೇಲಿನ ನೀರಿನಲ್ಲಿ, ಹೊಸಬರು ಇಳಿಯುವ ಆಳದಲ್ಲಿಯೇ. ಆಳವಿಲ್ಲದ ಕಡೆ ಅಪಾಯವೂ ಇಲ್ಲ ಎಂಬ ನಂಬಿಕೆ ಇಲ್ಲಿ ಪೂರ್ತಿ ತಪ್ಪು.

ಒತ್ತಡದ ಮೊದಲ ಸುಳಿವು ಸಿಗುವುದು ಕಿವಿಗೆ. ಘಟ್ಟ ಇಳಿಯುವ ಬಸ್ಸಿನಲ್ಲಿ ಕಿವಿ ಕಟ್ಟಿಕೊಂಡು, ಎಂಜಲು ನುಂಗಿದಾಗ ‘ಪಟ್’ ಎಂದು ಬಿಟ್ಟುಕೊಳ್ಳುವುದು ಮಲೆನಾಡಿನ ಎಲ್ಲರಿಗೂ ಗೊತ್ತಿರುವ ಅನುಭವ. ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯೊಂದಿದೆ. ಅದನ್ನು ಮೂಗಿನ ಹಿಂಭಾಗಕ್ಕೆ ಜೋಡಿಸುವ ಸಣ್ಣ ನಾಳ ಸಾಮಾನ್ಯವಾಗಿ ಮುಚ್ಚಿರುತ್ತದೆ. ನುಂಗುವಾಗ, ಆಕಳಿಸುವಾಗ ಕ್ಷಣಕಾಲ ತೆರೆದು ಒಳಹೊರಗಿನ ಒತ್ತಡವನ್ನು ಸರಿದೂಗಿಸುತ್ತದೆ. ಘಟ್ಟದಲ್ಲಿ ಅರ್ಧ ಗಂಟೆ ಹಿಡಿಯುವ ಬದಲಾವಣೆ ನೀರಿನಲ್ಲಿ ಎರಡು ಮೂರು ಸೆಕೆಂಡಿನಲ್ಲಿ ಆಗಿಬಿಡುತ್ತದೆ. ಕಿವಿತಮಟೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಒಂದು ಮೀಟರ್ ಆಳದಲ್ಲಿ ಅದನ್ನು ಒಳಕ್ಕೆ ತಳ್ಳುವ ಬಲ ಸುಮಾರು 60 ಗ್ರಾಂ ತೂಕದಷ್ಟು. ಎರಡು ಮೀಟರಿಗೆ ಬರುವಾಗ ನೋವು ಶುರು. ಇನ್ನೂ ಇಳಿದರೆ ನಾಳದ ಬಾಯಿಯೇ ಒತ್ತಡಕ್ಕೆ ಸಿಕ್ಕಿ ಮುಚ್ಚಿಹೋಗುತ್ತದೆ, ಆಮೇಲೆ ಎಷ್ಟು ಊದಿದರೂ ತೆರೆಯುವುದಿಲ್ಲ. ಅದಕ್ಕೇ ನೋವು ಬರುವ ಮೊದಲೇ, ಅರ್ಧರ್ಧ ಮೀಟರಿಗೊಮ್ಮೆ ಮೂಗು ಹಿಡಿದು ಮೆಲ್ಲಗೆ ಊದಬೇಕು. ಇಟಲಿಯ ಅಂಗರಚನಾ ತಜ್ಞ ಆಂಟೋನಿಯೊ ವಾಲ್ಸಾಲ್ವಾ 1704ರ ತನ್ನ ಕಿವಿಯ ಗ್ರಂಥದಲ್ಲಿ ವಿವರಿಸಿದ ಉಪಾಯ ಇದು. ಅವನ ಉದ್ದೇಶ ಕಿವಿಯೊಳಗಿನ ಕೀವು ಹೊರಹಾಕುವುದಾಗಿತ್ತು.

ಮುಖವಾಡ ಮೂಗನ್ನೂ ಮುಚ್ಚುವಂತೆ ಇರುವುದಕ್ಕೆ ಕಾರಣವೂ ಒತ್ತಡವೇ. ಮುಖವಾಡದೊಳಗಿನ ಗಾಳಿ ಕುಗ್ಗಿದಾಗ ಅದು ಕಣ್ಣು, ಕೆನ್ನೆಗಳನ್ನು ಹೀರಿಕೊಳ್ಳುತ್ತದೆ. ಮೂಗಿನಿಂದ ಒಂದಿಷ್ಟು ಗಾಳಿ ಬಿಟ್ಟರೆ ಸರಿಹೋಗುತ್ತದೆ. ಮೂಗು ಹೊರಗಿರುವ ಈಜುಕನ್ನಡಕ ಹಾಕಿಕೊಂಡು ಆಳಕ್ಕೆ ಇಳಿಯಲಾಗದು. ನೆಗಡಿ ಇದ್ದವರು ನೀರಿಗಿಳಿಯಬಾರದು ಎಂಬ ನಿಯಮವೂ ಇಲ್ಲಿಂದಲೇ ಬಂದದ್ದು. ಕಿವಿ ಸೋರುವವರು, ತಮಟೆಯಲ್ಲಿ ತೂತಿರುವವರು ಅದನ್ನು ಮುಚ್ಚಿಡದೆ ಮೊದಲೇ ಹೇಳಬೇಕು. ಕೆರೆ, ಹೊಳೆಯಲ್ಲಿ ಈಜಿ ಬೆಳೆದ ಹಳ್ಳಿಗಳಲ್ಲಿ ಕಿವಿಯ ಹಳೆಯ ಸೋಂಕು ಅಪರೂಪವಲ್ಲ. ತಮಟೆಯ ತೂತಿನಿಂದ ತಣ್ಣೀರು ಒಳಕಿವಿಯ ಬಳಿ ನುಗ್ಗಿದರೆ ಸಮತೋಲನವೇ ತಪ್ಪಿ, ಮೇಲೆ ಯಾವುದು ಕೆಳಗೆ ಯಾವುದು ತಿಳಿಯದಷ್ಟು ತಲೆ ಸುತ್ತುತ್ತದೆ. ಅಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ ಇದ್ದವರಿಗೆ ವೈದ್ಯರ ಒಪ್ಪಿಗೆ ಬೇಕು, ಗರ್ಭಿಣಿಯರು ಇಳಿಯುವಂತಿಲ್ಲ. ಮಕ್ಕಳಿಗೆ ಸಾಮಾನ್ಯವಾಗಿ 10 ವರ್ಷ ತುಂಬಿರಬೇಕು.

ಇನ್ನು ಉಸಿರಾಟ. ನೀರಿನೊಳಗಿಂದ ಉದ್ದನೆಯ ಕೊಳವೆಯೊಂದನ್ನು ಮೇಲಕ್ಕೆ ಚಾಚಿ ಉಸಿರಾಡಬಹುದಲ್ಲ ಎಂಬ ಯೋಚನೆ ಬಹಳ ಹಳೆಯದು. ಅದು ನಡೆಯುವುದಿಲ್ಲ. ಒಂದು ಮೀಟರ್ ಆಳದಲ್ಲೇ ನೀರು ಎದೆಗೂಡನ್ನು ಅದುಮುವ ಬಲವನ್ನು ಎದೆಯ ಸ್ನಾಯುಗಳು ಹೆಚ್ಚು ಹೊತ್ತು ಎದುರಿಸಲಾರವು. ಆಳದಲ್ಲಿ ಉಸಿರಾಡಬೇಕಾದರೆ ಒಳಗೆ ಬರುವ ಗಾಳಿಯ ಒತ್ತಡ ಸುತ್ತಲಿನ ನೀರಿನ ಒತ್ತಡಕ್ಕೆ ಸರಿಸಮನಾಗಿರಬೇಕು. ಈ ಕೆಲಸ ಮಾಡುವ ರೆಗ್ಯುಲೇಟರ್ ರೂಪುಗೊಂಡದ್ದು 1943ರಲ್ಲಿ, ಜರ್ಮನಿಯ ವಶದಲ್ಲಿದ್ದ ಫ್ರಾನ್ಸಿನಲ್ಲಿ. ಪೆಟ್ರೋಲಿನ ಅಭಾವದ ಆ ದಿನಗಳಲ್ಲಿ ಮೋಟಾರು ಗಾಡಿಗಳನ್ನು ಅನಿಲದಿಂದ ಓಡಿಸಲು ಎಮಿಲ್ ಗಾನ್ಯಾಂ ಎಂಬ ಎಂಜಿನಿಯರ್ ಒಂದು ಕವಾಟ ಮಾಡಿದ್ದ. ನೌಕಾಧಿಕಾರಿ ಜಾಕ್ ಕೂಸ್ತೊ ಜತೆ ಸೇರಿ ಅದನ್ನೇ ಮುಳುಗುವವರಿಗೆ ಒಗ್ಗಿಸಿದ.

ಉಪಕರಣ ಎರಡು ಹಂತದ್ದು. ಸಿಲಿಂಡರಿನ ಕತ್ತಿನ ಮೇಲೆ ಕೂರುವ ಮೊದಲ ಹಂತ 200 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಒಂದು ವಾಯುಭಾರ) ಒತ್ತಡದ ಗಾಳಿಯನ್ನು ಸುತ್ತಲಿನ ಒತ್ತಡಕ್ಕಿಂತ ಸುಮಾರು 10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಎರಡನೇ ಹಂತದಲ್ಲಿ ಬಿಲ್ಲೆಯಾಕಾರದ ರಬ್ಬರ್ ಪೊರೆಯೊಂದಿದೆ. ಪೊರೆಯ ಹೊರಬದಿಗೆ ಸಮುದ್ರ, ಒಳಬದಿಗೆ ಬಾಯಿ. ಉಸಿರೆಳೆದಾಗ ಒಳಗಿನ ಒತ್ತಡ ತುಸು ಇಳಿದು ಪೊರೆ ಒಳಕ್ಕೆ ಬಾಗುತ್ತದೆ, ಬಾಗಿದ ಪೊರೆ ಒಂದು ಸನ್ನೆಯನ್ನು ತಳ್ಳುತ್ತದೆ, ಸನ್ನೆ ಕವಾಟ ತೆರೆಯುತ್ತದೆ, ಗಾಳಿ ನುಗ್ಗುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕೆ ಸಮವಾದ ಕೂಡಲೇ ಪೊರೆ ಹಿಂದಕ್ಕೆ ಬಂದು ಕವಾಟ ಮುಚ್ಚುತ್ತದೆ. ಎಷ್ಟು ಆಳದಲ್ಲಿದ್ದೇವೆ ಎಂಬುದನ್ನು ಯಾರೂ ಅದಕ್ಕೆ ಹೇಳಬೇಕಾಗಿಲ್ಲ. ಹೊರಗಿನ ನೀರೇ ಒತ್ತಿ ಹೇಳುತ್ತದೆ. ಇಪ್ಪತ್ತನೇ ಶತಮಾನದ ಅತ್ಯಂತ ಸೊಗಸಾದ ಯಂತ್ರಗಳಲ್ಲಿ ಇದೂ ಒಂದು. ಇದರಲ್ಲಿ ವಿದ್ಯುತ್ತಿನ ಕೆಲಸವೇನೂ ಇಲ್ಲ.

ಆಳ ಹೆಚ್ಚಿದಂತೆ ಗಾಳಿ ಬೇಗ ಮುಗಿಯುತ್ತದೆ. ಸಾಮಾನ್ಯ ಸಿಲಿಂಡರಿನ ಒಳಗಾತ್ರ 11 ಲೀಟರ್. 200 ಬಾರ್ ತುಂಬಿದರೆ ಸುಮಾರು 2200 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಎಳೆಯುವವರಿಗೆ ದಡದ ಮೇಲೆ 110 ನಿಮಿಷ ಬರುವ ಈ ಗಾಳಿ 10 ಮೀಟರ್ ಆಳದಲ್ಲಿ 55 ನಿಮಿಷಕ್ಕೂ 30 ಮೀಟರಿನಲ್ಲಿ 27 ನಿಮಿಷಕ್ಕೂ ಖಾಲಿ. ಮೇಲೆ ಬರಲು ಒಂದಿಷ್ಟು ಉಳಿಸಿಕೊಳ್ಳಬೇಕಾದ್ದರಿಂದ ನಿಜವಾಗಿ ಸಿಗುವ ಹೊತ್ತು ಇನ್ನೂ ಕಡಿಮೆ. ಗಾಬರಿಯಿಂದ ಏದುಸಿರು ಬಿಡುವ ಹೊಸಬರಿಗೆ ಅದರ ಅರ್ಧವೂ ಬರುವುದಿಲ್ಲ.

ಶಿಕಾರಿಪುರದ ಹುಚ್ಚರಾಯನ ಕೆರೆಯಲ್ಲೋ ಸೊರಬದ ವರದೆ, ದಂಡಾವತಿಯ ಮಡುವಿನಲ್ಲೋ ಈಜು ಕಲಿತವರು ಇಲ್ಲಿ ಒಂದು ಹಳೆಯ ಅಭ್ಯಾಸ ಬಿಡಬೇಕಾಗುತ್ತದೆ. ಉಸಿರು ಕಟ್ಟಿ ಮುಳುಗುವುದು ಹೊಳೆ ಕಲಿಸಿದ ಪಾಠ. ಮೇಲೆ ಎಳೆದುಕೊಂಡ ಉಸಿರು ತಳದಲ್ಲಿ ಕುಗ್ಗಿ, ಮೇಲೆ ಬಂದಾಗ ಮೊದಲಿನ ಗಾತ್ರಕ್ಕೇ ಹಿಗ್ಗುತ್ತದೆ, ಎದೆಗೂಡಿಗೆ ಅಪಾಯವಿಲ್ಲ. ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾದಲ್ಲಿ ಉಸಿರು ತುಂಬಿಕೊಳ್ಳುವುದು ತಳದಲ್ಲಿ, ತಳದ ಒತ್ತಡದಲ್ಲಿ. 10 ಮೀಟರಿನಲ್ಲಿ ಎದೆ ತುಂಬ ಉಸಿರೆಳೆದು, ಬಾಯಿ ಬಿಗಿದುಕೊಂಡು ಮೇಲೆ ಬಂದರೆ ಆ ಗಾಳಿ ಎರಡರಷ್ಟಾಗಲು ಹೊರಡುತ್ತದೆ. ಶ್ವಾಸಕೋಶಕ್ಕೆ ಅಷ್ಟು ಜಾಗವಿಲ್ಲ. ಗಾಳಿಗೂಡುಗಳು ಒಡೆದು ಗುಳ್ಳೆಗಳು ರಕ್ತಕ್ಕೆ ನುಗ್ಗಿ ಮಿದುಳಿನ ನಾಳಗಳನ್ನು ಮುಚ್ಚಬಹುದು. ಇದಕ್ಕೆ 10 ಮೀಟರೂ ಬೇಡ, ಒಂದೂವರೆ ಮೀಟರ್ ಸಾಕು. ಕುತ್ತಿಗೆಮಟ್ಟದ ನೀರಿನಲ್ಲಿ ಅಭ್ಯಾಸ ಮಾಡಿಸುವಾಗಲೇ ತರಬೇತುದಾರರು ‘ಉಸಿರು ಹಿಡಿಯಬೇಡಿ’ ಎಂದು ಮತ್ತೆ ಮತ್ತೆ ಹೇಳುವುದು ಈ ಕಾರಣಕ್ಕೆ. ಈಜು ಬಾರದವರಿಗಿಂತ ಚೆನ್ನಾಗಿ ಈಜುವವರೇ ಇದನ್ನು ಮರೆಯುವ ಸಂಭವ ಹೆಚ್ಚು.

ಕೆರೆಯ ಈಜುಗಾರರಿಗೆ ಕಾದಿರುವ ಇನ್ನೊಂದು ಹೊಸತು ತೇಲುವಿಕೆ. ಸಿಹಿನೀರಿಗಿಂತ ಸಮುದ್ರದ ನೀರು ಶೇಕಡಾ ಎರಡೂವರೆಯಷ್ಟು ಸಾಂದ್ರ. 80 ಕಿಲೋ ತೂಗುವವರಿಗೆ ಸಮುದ್ರ ಸುಮಾರು ಎರಡು ಕಿಲೋ ಹೆಚ್ಚಿನ ಆಸರೆ ಕೊಡುತ್ತದೆ. ಮುಳುಗಲು ಸೊಂಟಕ್ಕೆ ಸೀಸ ಕಟ್ಟಬೇಕಾಗುವುದು ಅದಕ್ಕೆ. ಈ ಉಪ್ಪಿನ ಪ್ರಮಾಣವೂ ವರ್ಷವಿಡೀ ಒಂದೇ ಅಲ್ಲ, ಅದರ ಹಿಂದೆ ಸೊರಬದವರಿಗೆ ಸಂಬಂಧಪಟ್ಟ ಒಂದು ಸಂಗತಿಯೂ ಇದೆ. ವರದಾ ನದಿ ಇಕ್ಕೇರಿಯ ಬಳಿ, ಅರಬ್ಬಿ ಸಮುದ್ರಕ್ಕೆ ಅಷ್ಟು ಹತ್ತಿರದಲ್ಲಿ ಹುಟ್ಟಿದರೂ ಬೆನ್ನು ಹಾಕಿ ಪೂರ್ವಕ್ಕೆ ಹರಿಯುತ್ತದೆ. ಬನವಾಸಿಯನ್ನು ಬಳಸಿ, ತುಂಗಭದ್ರೆಗೆ ಕೂಡಿ, ಕೃಷ್ಣೆಯ ಜತೆ ಬಂಗಾಳ ಕೊಲ್ಲಿ ಸೇರುತ್ತದೆ. ಗಂಗೆ, ಬ್ರಹ್ಮಪುತ್ರ, ಗೋದಾವರಿ, ಕೃಷ್ಣೆಯರ ಮಳೆನೀರಿನಿಂದ ಉಪ್ಪು ತಗ್ಗಿದ ಆ ಕೊಲ್ಲಿಯ ಮೇಲ್ಪದರವನ್ನು ಚಳಿಗಾಲದ ಕರಾವಳಿ ಪ್ರವಾಹಗಳು ಶ್ರೀಲಂಕಾ ಸುತ್ತಿಸಿ ಪಶ್ಚಿಮ ಕರಾವಳಿಯುದ್ದಕ್ಕೂ ಉತ್ತರದತ್ತ ತರುತ್ತವೆ. ಸೊರಬದ ಗದ್ದೆಗೆ ಬಿದ್ದ ಮಳೆಯ ಒಂದು ಪಾಲು ಪರ್ಯಾಯ ದ್ವೀಪವನ್ನೇ ಸುತ್ತಿ ಘಟ್ಟದ ಕೆಳಗಿನ ಸಮುದ್ರಕ್ಕೆ ಬರಲು ದಾರಿ ಇದೆ ಎಂಬುದು ಭೂಗೋಳದ ನಿಜಕ್ಕೂ ಬೆರಗಿನ ವಿಷಯ.

ನೀರಿನೊಳಗೆ ಕಣ್ಣಿಗೂ ಹೊಸ ಲೆಕ್ಕ. ಮುಖವಾಡದ ಗಾಜಿನ ಮೂಲಕ ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ, ಕಾಲುಭಾಗ ಹತ್ತಿರದಲ್ಲಿ ಕಾಣುತ್ತವೆ. ಮುರ್ಡೇಶ್ವರಕ್ಕೆ ಮರಳಿದವರು ಮೀನಿನ ಅಳತೆ ಹೇಳುವಾಗ ಇದನ್ನು ಕಳೆದು ಕೇಳಬೇಕು. ಬಣ್ಣಗಳಲ್ಲಿ ಕೆಂಪು ಮೊದಲು ಮಾಯ. ಐದಾರು ಮೀಟರಿನಲ್ಲೇ ಕೆಂಪು ಬಟ್ಟೆ ಕಂದಾಗುತ್ತದೆ. ಆಮೇಲೆ ಕಿತ್ತಳೆ, ಹಳದಿ. ಕೊನೆಗೆ ಉಳಿಯುವುದು ನೀಲಿ. ಟಾರ್ಚ್ ಹಾಕಿದಾಗ ಬೂದು ಬಂಡೆಯ ಮೇಲೆ ಕೆಂಪು, ಕೇಸರಿ ಸ್ಪಂಜುಗಳು ಥಟ್ಟನೆ ಎದ್ದು ಬರುವುದು ನೇತ್ರಾಣಿಯ ದೊಡ್ಡ ಸಂತೋಷಗಳಲ್ಲಿ ಒಂದು. ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಎರಡು ಕಿವಿಗಳಿಗೂ ಬಹುತೇಕ ಒಟ್ಟಿಗೇ ತಲುಪುವುದರಿಂದ ದೋಣಿಯ ಎಂಜಿನ್ ಯಾವ ದಿಕ್ಕಿನಲ್ಲಿದೆ ಎಂದು ಗೊತ್ತಾಗುವುದೇ ಇಲ್ಲ. ಮೇಲೆ ಬರುವಾಗ ತಲೆಯೆತ್ತಿ ನೋಡಬೇಕೆಂಬ ಕಟ್ಟಳೆ ಅದಕ್ಕಾಗಿ.

ಮಲೆನಾಡಿನ ಕೆರೆಯಲ್ಲಿ ಚಾಚಿದ ಕೈ ಕಾಣದಷ್ಟು ಕೆಂಪು ಮಣ್ಣು, ಪಾಚಿ. ನೇತ್ರಾಣಿಯಲ್ಲಿ ಒಳ್ಳೆಯ ದಿನಗಳಲ್ಲಿ 15 ಮೀಟರ್ ಆಚೆಯ ಬಂಡೆ ಸ್ಪಷ್ಟ. ಶರಾವತಿಯಂಥ ಹೊಳೆಗಳ ಕೆಸರು ಹೆಚ್ಚಾಗಿ ದಡದ ಬಳಿಯೇ ಕೂರುತ್ತದೆ, ದ್ವೀಪ ಅದರಿಂದ ದೂರ. ಆದರೂ ಜೂನಿನಿಂದ ಸೆಪ್ಟೆಂಬರಿನವರೆಗೆ ಯಾರೂ ಮುಳುಗುವುದಿಲ್ಲ. ಮುಂಗಾರಿನ ಅಲೆಗಳಲ್ಲಿ ದೋಣಿ ಹೊರಡುವುದೇ ಕಷ್ಟ. ಅದೇ ಕಾಲದಲ್ಲಿ ಆಳದ ತಣ್ಣನೆಯ, ಗೊಬ್ಬರದಂಶ ತುಂಬಿದ ನೀರು ಪಶ್ಚಿಮ ಕರಾವಳಿಯಲ್ಲಿ ಮೇಲೇಳುತ್ತದೆ. ಅದರ ಬಲದಿಂದ ಪ್ಲವಕ ಜೀವಿಗಳು ವಿಪರೀತ ಬೆಳೆದು ನೀರು ಹಸಿರಾಗುತ್ತದೆ. ಕರಾವಳಿಯ ಬಂಗುಡೆ, ಬೈಗೆ ಮೀನಿನ ಸಮೃದ್ಧಿಗೆ ಈ ಹಸಿರೇ ಮೂಲ. ಮುಳುಗುವವರಿಗೆ ಮಾತ್ರ ಅದು ಮಂಜು ಕವಿದಂತೆ. ಡಿಸೆಂಬರ್, ಜನವರಿಯ ಹೊತ್ತಿಗೆ ನೀರು ತಿಳಿಯಾಗಿರುತ್ತದೆ.

ನೇತ್ರಾಣಿಯ ಹವಳ ಲಕ್ಷದ್ವೀಪದಂತೆ ದ್ವೀಪವನ್ನೇ ಕಟ್ಟಿದ ಹವಳವಲ್ಲ. ಗಟ್ಟಿ ಬಂಡೆಯ ಮೇಲೆ ಅಲ್ಲಲ್ಲಿ ಉಂಡೆಗಳಾಗಿ, ಹಪ್ಪಳಗಳಾಗಿ ಹಬ್ಬಿದ ಗುಂಪುಗಳು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿ ಎಂಬತ್ತಕ್ಕೂ ಹೆಚ್ಚು ಜಾತಿಯ ಹವಳದ ಮೀನುಗಳನ್ನು ಪಟ್ಟಿ ಮಾಡಿದ್ದಾರೆ. ಜೋಡಿಯಾಗಿ ತಿರುಗುವ ಚಿಟ್ಟೆಮೀನುಗಳಿವೆ, ಬಂಡೆಯನ್ನು ಕೆರೆದು ತಿನ್ನುವ ಗಿಳಿಮೀನುಗಳಿವೆ. ಗಿಳಿಮೀನು ಪಾಚಿಯ ಆಸೆಗೆ ಹವಳದ ಸುಣ್ಣವನ್ನೂ ಕಚ್ಚಿ, ಗಂಟಲ ಹಲ್ಲುಗಳಲ್ಲಿ ಅರೆದು, ಹಿಂದಿನಿಂದ ಬಿಳಿ ಮರಳಾಗಿ ಬಿಡುತ್ತದೆ. ಉಷ್ಣವಲಯದ ದ್ವೀಪಗಳ ಬೆಳ್ಳನೆಯ ಕಡಲತೀರಗಳ ಮರಳಿನಲ್ಲಿ ದೊಡ್ಡ ಪಾಲು ಹೀಗೆ ತಯಾರಾದದ್ದು. ಬಂಡೆಯ ಸಂದಿಯಲ್ಲಿ ಬಾಯಿ ತೆರೆದು ಮುಚ್ಚುವ ಮೋರೆ ಹಾವುಮೀನು ಹೆದರಿಸುತ್ತಿಲ್ಲ, ಕಿವಿರಿನ ಮೇಲೆ ನೀರು ಹರಿಸಿಕೊಂಡು ಉಸಿರಾಡುತ್ತಿದೆ ಅಷ್ಟೆ. ಅದರ ಗಂಟಲಲ್ಲಿ ಇನ್ನೊಂದು ಜೊತೆ ದವಡೆ ಇದೆ. ಬೇಟೆಯನ್ನು ಮುಂದಿನ ದವಡೆ ಹಿಡಿದಾಗ ಹಿಂದಿನದು ಮುಂದೆ ಚಾಚಿ ಬಂದು ಒಳಕ್ಕೆ ಎಳೆಯುತ್ತದೆ. ಇದು ಬೆಳಕಿಗೆ ಬಂದದ್ದು 2007ರಲ್ಲಿ. ಬರಾಕುಡಾ ಹಿಂಡು, ಕಡಲಾಮೆ ಅದೃಷ್ಟವಿದ್ದರೆ ಸಿಗುತ್ತವೆ. ಪ್ಲವಕ ತಿಂದು ಬದುಕುವ ತಿಮಿಂಗಿಲ ಶಾರ್ಕ್ ಎಂಬ ನಿರುಪದ್ರವಿ ದೈತ್ಯವೂ ಆಗೊಮ್ಮೆ ಈಗೊಮ್ಮೆ ಕಂಡದ್ದುಂಟು. ಭಾರತದಲ್ಲಿ 2001ರಿಂದ ಅದನ್ನು ಹಿಡಿಯುವುದು ಅಪರಾಧ.

ಹವಳದ ಉಂಡೆಯೊಂದು ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು. ತಲೆಗಾತ್ರದ ಉಂಡೆಗೆ ಹತ್ತಾರು ವರ್ಷಗಳ ವಯಸ್ಸಾಗಿರುತ್ತದೆ. ಎಸೆದ ಲಂಗರು, ಒರಗಿ ನಿಂತ ಪಾದ, ಫೋಟೋಗಾಗಿ ಹಿಡಿದ ಕೈ ಅದನ್ನು ಒಂದೇ ಕ್ಷಣದಲ್ಲಿ ಕೊಲ್ಲಬಲ್ಲವು. ನೀರಿನ ಬಿಸಿ ಹೆಚ್ಚಿದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998, 2010, 2016ರ ಬಿಸಿ ವರ್ಷಗಳಲ್ಲಿ ಲಕ್ಷದ್ವೀಪ ಇದನ್ನು ಅನುಭವಿಸಿತು. ಬಿಸಿಯಿಂದ ಬಳಲಿದ ಹವಳಕ್ಕೆ ಪ್ರವಾಸಿಗರ ಕೈಕಾಲಿನ ಪೆಟ್ಟೂ ಬೀಳಬಾರದು. ಯಾವುದನ್ನೂ ಮುಟ್ಟದೆ ತೇಲುವುದನ್ನು ಕಲಿಯುವುದು ಮುಳುಗಿನ ಶಿಷ್ಟಾಚಾರವಲ್ಲ, ಅದರ ಮೊದಲ ಕೌಶಲ.

ಕಣ್ಣಿಗೆ ಇಷ್ಟೆಲ್ಲ ಕಾಣುತ್ತಿರುವಾಗ ದೇಹದೊಳಗೆ ಸದ್ದಿಲ್ಲದೆ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ಗಾಳಿಯ ಶೇಕಡಾ 78 ಭಾಗ ಸಾರಜನಕ. ದೇಹಕ್ಕೆ ಅದರ ಉಪಯೋಗವಿಲ್ಲ, ಆದರೂ ಅದು ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿರುತ್ತದೆ; ಸಮುದ್ರಮಟ್ಟದಲ್ಲಿ ಒಟ್ಟು ಸುಮಾರು ಒಂದು ಲೀಟರ್. ಒತ್ತಡ ಎರಡರಷ್ಟಾದರೆ ಕರಗಬಲ್ಲ ಸಾರಜನಕವೂ ಎರಡರಷ್ಟು. ಮೇಲೆ ಬರುವಾಗ ಅದು ರಕ್ತದ ಮೂಲಕ ಶ್ವಾಸಕೋಶಕ್ಕೆ ಬಂದು ಹೊರಹೋಗಬೇಕು. ಒತ್ತಡ ತೀರ ಬೇಗ ಇಳಿದರೆ ಅದಕ್ಕೆ ಕಾಲಾವಕಾಶವಿಲ್ಲದೆ ಇದ್ದಲ್ಲೇ ಗುಳ್ಳೆಯಾಗುತ್ತದೆ. ಬಾಯ್ಲ್ 1670ರಲ್ಲಿ ಗಾಳಿ ಹೀರಿದ ಪಾತ್ರೆಯೊಳಗೆ ಒಂದು ಹಾವನ್ನಿಟ್ಟಾಗ ಅದರ ಕಣ್ಣಿನಲ್ಲಿ ಗುಳ್ಳೆಯೊಂದು ಆಚೀಚೆ ಓಡಾಡುವುದನ್ನು ಕಂಡಿದ್ದ. ಅದರ ಅರ್ಥ ಪೂರ್ತಿ ತಿಳಿಯಲು ಇನ್ನೂ ಇನ್ನೂರು ವರ್ಷ ಬೇಕಾಯಿತು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ತಳಪಾಯಕ್ಕಾಗಿ 1870ರ ದಶಕದಲ್ಲಿ ಒತ್ತಡದ ಪೆಟ್ಟಿಗೆಗಳೊಳಗೆ ಮಣ್ಣು ಅಗೆದ ಕೂಲಿಗಳು ಮೇಲೆ ಬಂದು ಕೀಲುನೋವಿನಿಂದ ನರಳಿದರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ ಹಾಸಿಗೆ ಹಿಡಿದರು. 1878ರಲ್ಲಿ ಫ್ರಾನ್ಸಿನ ಪಾಲ್ ಬೆರ್ ಇದಕ್ಕೆಲ್ಲ ಸಾರಜನಕದ ಗುಳ್ಳೆಗಳೇ ಕಾರಣ ಎಂದು ತೋರಿಸಿದ.

ಪರಿಹಾರದ ಲೆಕ್ಕ ಕೊಟ್ಟವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿ, 1908ರಲ್ಲಿ ಅವರು ಪ್ರಕಟಿಸಿದ, ಎಷ್ಟು ನಿಧಾನವಾಗಿ ಮೇಲೇರಬೇಕೆಂದು ಹೇಳುವ ಕೋಷ್ಟಕಗಳಲ್ಲಿ ಎರಡು ಮುಖ್ಯ ವಿಚಾರಗಳಿದ್ದವು. ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಸಾರಜನಕ ತುಂಬಿಕೊಳ್ಳುವುದಿಲ್ಲ. ರಕ್ತಕ್ಕೆ ನಿಮಿಷಗಳು ಸಾಕು, ಕೊಬ್ಬು ಮತ್ತು ಕೀಲುಗಳಿಗೆ ಗಂಟೆಗಳು ಬೇಕು. ಎರಡನೆಯದಾಗಿ, ಅಪಾಯವನ್ನು ನಿರ್ಧರಿಸುವುದು ಒತ್ತಡ ಎಷ್ಟು ಇಳಿಯಿತು ಎಂಬುದಲ್ಲ, ಮೊದಲಿನ ಒತ್ತಡಕ್ಕೂ ಈಗಿನದಕ್ಕೂ ಇರುವ ಅನುಪಾತ. ಇಂದಿನ ಮುಳುಗು ಕಂಪ್ಯೂಟರುಗಳೂ ಇದೇ ಬುನಾದಿಯ ಮೇಲೆ ನಿಂತಿವೆ. ಮುಳುಗು ತರಬೇತಿಯ ಪಾಡಿ ಸಂಸ್ಥೆಯ ಕೋಷ್ಟಕದಂತೆ, ನಡುವೆ ನಿಲ್ಲದೆ ನೇರ ಮೇಲೆ ಬರಬೇಕಾದರೆ 12 ಮೀಟರಿನಲ್ಲಿ 147 ನಿಮಿಷ, 18 ಮೀಟರಿನಲ್ಲಿ 56, 30 ಮೀಟರಿನಲ್ಲಿ ಬರೀ 20 ನಿಮಿಷ ಇರಬಹುದು. ಮೇಲೇರುವ ವೇಗ ನಿಮಿಷಕ್ಕೆ 9 ಮೀಟರ್ ದಾಟಬಾರದು. ಕಡ್ಡಾಯವಲ್ಲದಿದ್ದರೂ ಮುನ್ನೆಚ್ಚರಿಕೆಗೆಂದು 5 ಮೀಟರಿನಲ್ಲಿ ಮೂರು ನಿಮಿಷ ತಂಗುವುದು ರೂಢಿ.

ಘಟ್ಟದ ಮೇಲಿನವರ ಪ್ರಶ್ನೆ ಇಲ್ಲಿ ಬರುತ್ತದೆ. ಈ ಕೋಷ್ಟಕಗಳೆಲ್ಲ ಮುಳುಗಿದವರು ಸಮುದ್ರಮಟ್ಟದಲ್ಲೇ ಉಳಿಯುತ್ತಾರೆ ಎಂದು ಭಾವಿಸಿ ಮಾಡಿದವು. ಮಧ್ಯಾಹ್ನ ಮುರ್ಡೇಶ್ವರಕ್ಕೆ ಮರಳಿ, ಊಟ ಮುಗಿಸಿ, ಸಂಜೆ ಗೇರುಸೊಪ್ಪೆ ಘಟ್ಟ ಹತ್ತುವವರ ದೇಹ ಒತ್ತಡದ ಲೆಕ್ಕದಲ್ಲಿ ಇನ್ನೂ ಮೇಲೇರುತ್ತಲೇ ಇದೆ. ಎತ್ತರದ ಈ ಸಮಸ್ಯೆಯನ್ನು ಆಳವಾಗಿ ಅಭ್ಯಸಿಸಿದವರು ಜ್ಯೂರಿಕ್‌ನ ವೈದ್ಯ ಆಲ್ಬರ್ಟ್ ಬ್ಯೂಲ್‌ಮನ್. ಸ್ವಿಟ್ಜರ್ಲೆಂಡಿನಲ್ಲಿ ಸಮುದ್ರವಿಲ್ಲ, ಅಲ್ಲಿಯವರು ಮುಳುಗುವುದು ಬೆಟ್ಟದ ಸರೋವರಗಳಲ್ಲಿ. ಆ ಅಗತ್ಯದಿಂದ ಹುಟ್ಟಿದ ಅವರ ಗಣಿತ ಇಂದು ಅಸಂಖ್ಯ ಮುಳುಗು ಕಂಪ್ಯೂಟರುಗಳೊಳಗಿದೆ. 554 ಮೀಟರ್ ಎತ್ತರದ ಲಿಂಗನಮಕ್ಕಿ ಹಿನ್ನೀರಿನಲ್ಲಿ ಯಾರಾದರೂ ಸಿಲಿಂಡರ್ ಕಟ್ಟಿ 20 ಮೀಟರ್ ಇಳಿದರೆ, ಸಮುದ್ರದ ಕೋಷ್ಟಕದಲ್ಲಿ ಅದನ್ನು ಸುಮಾರು 21 ಎಂದು ಓದಬೇಕಾಗುತ್ತದೆ.

600 ಮೀಟರ್ ಎತ್ತರ ನಿಯಮಗಳ ಗಡಿಯಲ್ಲಿದೆ. ಮುಳುಗುವವರ ಸುರಕ್ಷತೆಗಾಗಿ ಇರುವ ಡ್ಯಾನ್ ಸಂಸ್ಥೆಯ ಸಲಹೆ 2000 ಅಡಿಯಿಂದ, ಅಂದರೆ 610 ಮೀಟರಿನಿಂದ, ಅನ್ವಯವಾಗುತ್ತದೆ: ಒಂದೇ ಮುಳುಗಿನ ನಂತರ 12 ಗಂಟೆ, ಹಲವು ಮುಳುಗು ಅಥವಾ ಹಲವು ದಿನಗಳ ನಂತರ 18 ಗಂಟೆ ಕಾದು ಮೇಲೇರಬೇಕು. ಅಮೆರಿಕದ ನೌಕಾಪಡೆಯ ಕೋಷ್ಟಕ ಇನ್ನೂ ಸೂಕ್ಷ್ಮ. ಅದು 1000 ಅಡಿಯಿಂದಲೇ ಲೆಕ್ಕ ಇಡುತ್ತದೆ, ದೇಹದಲ್ಲಿ ಉಳಿದ ಸಾರಜನಕ ಕಡಿಮೆಯಿದ್ದರೆ ಕಾಯಬೇಕಿಲ್ಲ ಎನ್ನುತ್ತದೆ. ತರಬೇತುದಾರರ ಕೈ ಹಿಡಿದು ಆರೆಂಟು ಮೀಟರಿನಲ್ಲಿ ಅರ್ಧ ಗಂಟೆ ಕಳೆದವರ ದೇಹದಲ್ಲಿ ಹೆಚ್ಚಿಗೆ ಸೇರಿದ ಸಾರಜನಕ ಅಲ್ಪ. ಪ್ರಮಾಣಪತ್ರ ಪಡೆದು ಎರಡು ದಿನದಲ್ಲಿ ನಾಲ್ಕೈದು ಬಾರಿ 20, 25 ಮೀಟರಿಗೆ ಇಳಿದವರ ಮಾತೇ ಬೇರೆ. ಅವರು ಆ ರಾತ್ರಿ ಮುರ್ಡೇಶ್ವರದಲ್ಲೋ ಹೊನ್ನಾವರದಲ್ಲೋ ತಂಗಿ ಮರುದಿನ ಘಟ್ಟ ಹತ್ತುವುದೇ ಸರಿ. ಕಡಲಿನ ಜತೆ ಕೊಲ್ಲೂರು, ಕೊಡಚಾದ್ರಿಯನ್ನೂ ಸೇರಿಸಿಕೊಳ್ಳುವವರು ಬಹಳ. 1343 ಮೀಟರಿನ ಕೊಡಚಾದ್ರಿಯ ತುದಿಯಲ್ಲಿ ಒತ್ತಡ ಕಡಲತೀರಕ್ಕಿಂತ ಶೇಕಡಾ 15 ಕಡಿಮೆ, ಸೊರಬದ ಇಳಿಕೆಯ ಎರಡರಷ್ಟು. ಬೆಟ್ಟ ಮೊದಲು, ಕಡಲು ಆಮೇಲೆ ಎಂದು ಪ್ರವಾಸ ಹೊಂದಿಸಿದರೆ ತೊಡಕಿಲ್ಲ. ಅಂಡಮಾನಿನಿಂದ ಹಿಂದಿರುಗುವವರಿಗೆ ವಿಮಾನದೊಳಗಿನ ಒತ್ತಡ ಸುಮಾರು ಕಾಲುಭಾಗದವರೆಗೂ ಇಳಿಯಬಹುದು. ಅಲ್ಲಿ ಕೊನೆಯ ದಿನವನ್ನು ನೀರಿಗಿಳಿಯದೆ ಕಳೆಯುವುದು ಕಡ್ಡಾಯವೆಂದೇ ತಿಳಿಯಬೇಕು.

ಗುಳ್ಳೆಯ ಕಾಯಿಲೆ ಅಪರೂಪ, ಆದರೆ ಊರಿಗೆ ಬಂದ ಮೇಲೆ ಕಾಣಿಸಿಕೊಂಡರೆ ಗುರುತು ಹಿಡಿಯುವುದು ಕಷ್ಟ. ಭುಜ, ಮೊಣಕೈ, ಮೊಣಕಾಲಿನಲ್ಲಿ ಆಳದ ನೋವು, ಕೈಕಾಲು ಜೋಮು, ಚರ್ಮದ ಮೇಲೆ ಕಲೆ, ವಿಪರೀತ ಸುಸ್ತು, ತಲೆಸುತ್ತು, ಮೂತ್ರ ಕಟ್ಟುವುದು ಇದರ ಲಕ್ಷಣಗಳು. ಹೆಚ್ಚಿನವರಲ್ಲಿ ಮೊದಲ ಆರು ಗಂಟೆಗಳೊಳಗೆ, ಬಹುತೇಕ ಎಲ್ಲರಲ್ಲೂ ಒಂದು ದಿನದೊಳಗೆ ಇವು ತಲೆದೋರುತ್ತವೆ. ಸಿಲಿಂಡರ್ ಹೊತ್ತದ್ದಕ್ಕೆ ಬಂದ ನೋವು, ಪ್ರಯಾಣದ ದಣಿವು ಎಂದು ಮಾತ್ರೆ ನುಂಗಿ ಮಲಗುವುದು ಸುಲಭ. ಮಲೆನಾಡಿನ ಆಸ್ಪತ್ರೆಯಲ್ಲಿ ಭುಜ ನೋವೆಂದು ಬಂದವರನ್ನು ನೋಡಿದ ವೈದ್ಯರಿಗೆ ಸಮುದ್ರದ ನೆನಪಾಗಲು ಕಾರಣವಿಲ್ಲ. ಹಿಂದಿನ ದಿನ ಎಷ್ಟು ಆಳಕ್ಕೆ, ಎಷ್ಟು ಹೊತ್ತು, ಎಷ್ಟು ಬಾರಿ ಮುಳುಗಿದ್ದೆ ಎಂದು ರೋಗಿಯೇ ಹೇಳಬೇಕು. ಮೊದಲ ಚಿಕಿತ್ಸೆ ಶುದ್ಧ ಆಮ್ಲಜನಕ, ಅದು ತಾಲೂಕು ಆಸ್ಪತ್ರೆಯಲ್ಲೂ 108 ಆಂಬುಲೆನ್ಸಿನಲ್ಲೂ ಇರುತ್ತದೆ. ರೋಗಿಯನ್ನು ಅಂಗಾತ ಮಲಗಿಸಿ, ಪ್ರಜ್ಞೆ ಇದ್ದರೆ ನೀರು ಕುಡಿಸಿ, ಆಮ್ಲಜನಕದ ಮುಖವಾಡ ತೆಗೆಯದೆ ಸಾಗಿಸಬೇಕು. ಪೂರ್ಣ ಚಿಕಿತ್ಸೆ ಒತ್ತಡದ ಕೋಣೆಯಲ್ಲಿ ಮಾತ್ರ. ಮುಂಬಯಿಯ ನೌಕಾ ಆಸ್ಪತ್ರೆ ಐಎನ್‌ಎಚ್‌ಎಸ್ ಅಶ್ವಿನಿಯ ಆವರಣದಲ್ಲಿರುವ ನೌಕಾ ವೈದ್ಯಕೀಯ ಸಂಸ್ಥೆಯಲ್ಲಿ ಅಂಥ ಕೋಣೆ ಇದೆ. ಅಲ್ಲಿ ರೋಗಿಯನ್ನು ಮತ್ತೆ 18 ಮೀಟರ್ ಆಳಕ್ಕೆ ಸಮನಾದ 2.8 ವಾಯುಭಾರ ಒತ್ತಡಕ್ಕೆ ಒಯ್ದು, ಗುಳ್ಳೆಗಳನ್ನು ಕುಗ್ಗಿಸಿ, ಶುದ್ಧ ಆಮ್ಲಜನಕ ಉಸಿರಾಡಿಸುತ್ತ ನಿಧಾನವಾಗಿ ಮೇಲೆ ತರುತ್ತಾರೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅಮೆರಿಕದ ನೌಕಾಪಡೆಯ ಆರನೇ ಚಿಕಿತ್ಸಾ ಕೋಷ್ಟಕದಂತೆ ಇದಕ್ಕೆ ಹಿಡಿಯುವ ಸಮಯ 4 ಗಂಟೆ 45 ನಿಮಿಷ.